ಅಸಮಾನತೆಯ ಬೋಧನೆ

ಆದಾಯ, ಆಸ್ತಿ, ಶಿಕ್ಷಣ, ಆರೋಗ್ಯ, ಗೌರವ, ಅಧಿಕಾರ ಇವೆಲ್ಲ ಜನರ ನಡುವೆ, ಪ್ರದೇಶಗಳ ನಡುವೆ, ದೇಶಗಳ ನಡುವೆ ಹೇಗೆ ಹಂಚಿಹೋಗಿವೆ, ಏಕೆ ಹಾಗೆ ಹಂಚಿಹೋಗಿವೆ ಎಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮ. ಬಹುತೇಕ ದೇಶಗಳಲ್ಲಿ ಇದೊಂದು ಪ್ರತ್ಯೇಕ ವಿಷಯವಲ್ಲ. ಸಮಾಜ ವಿಜ್ಞಾನ, ಅರ್ಥಶಾಸ್ತ್ರ, ಭೂಗೋಳ, ಇತಿಹಾಸ, ಸಾಹಿತ್ಯ, ಕೆಲವೆಡೆ ಗಣಿತದ ಪಾಠಗಳಲ್ಲೂ ಹರಡಿಕೊಂಡಿದೆ. ಉಳಿದ ಪಾಠಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಜ್ವಾಲಾಮುಖಿಯ ಪಾಠ ಕೇಳುವ ಮಕ್ಕಳು ಅದನ್ನು ದೂರದಿಂದ ನೋಡಬಹುದು. ಅಸಮಾನತೆಯ ಪಾಠ ಕೇಳುವ ಪ್ರತಿ ಮಗುವೂ ಆ ಶ್ರೇಣಿಯ ಯಾವುದೋ ಒಂದು ಮೆಟ್ಟಿಲಿನ ಮೇಲೆ ಕೂತೇ ಕೇಳುತ್ತದೆ. ಪಾಠ ಹೇಳುವ ಶಿಕ್ಷಕರ ಸ್ಥಿತಿಯೂ ಅದೇ. ಈ ಬೋಧನೆಯ ವಿಧಾನಗಳೂ ಅದರ ಸುತ್ತ ಎದ್ದ ವಿವಾದಗಳೂ ಬಹುಮಟ್ಟಿಗೆ ಇದೊಂದು ಸಂಗತಿಯಿಂದಲೇ ಹುಟ್ಟಿವೆ.

ಚಾರಿತ್ರಿಕ ಹಿನ್ನೆಲೆ

ಆಧುನಿಕ ಶಾಲೆಗಳು ಆರಂಭವಾದ ಕಾಲದಲ್ಲಿ ಬಡತನ ಪಠ್ಯಕ್ಕೆ ಬಂದದ್ದು ಹೆಚ್ಚಾಗಿ ನೀತಿಪಾಠವಾಗಿ: ಉಳ್ಳವರು ಕರುಣೆ ತೋರಬೇಕು, ಇಲ್ಲದವರು ಕಷ್ಟಪಟ್ಟು ದುಡಿಯಬೇಕು. ಬಡತನಕ್ಕೆ ಕಾರಣ ಕೇಳುವ ಪಾಠ ಬಂದದ್ದು ನಿಧಾನವಾಗಿ, ಅದೂ ಅನೇಕ ಸಲ ಶಾಲೆಯ ಹೊರಗಿನಿಂದ. ಭಾರತದಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1882ರಲ್ಲಿ ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಹೇಳಿಕೆ ನೀಡಿದ ಜೋತಿಬಾ, ಸರ್ಕಾರದ ಬೊಕ್ಕಸ ತುಂಬುವುದು ರೈತಾಪಿ ಜನರ ದುಡಿಮೆಯಿಂದ, ಶಿಕ್ಷಣದ ಫಲ ಸಲ್ಲುವುದು ಮಾತ್ರ ಮೇಲ್ಜಾತಿಯವರಿಗೆ ಎಂದು ವಾದಿಸಿದರು. ಶಿಕ್ಷಣದ ಖರ್ಚು ಯಾರದು, ಲಾಭ ಯಾರಿಗೆ ಎಂಬ ಈ ಪ್ರಶ್ನೆ ಇಂದಿನ ಅರ್ಥಶಾಸ್ತ್ರದ ಪಾಠಕ್ಕೂ ಹೊಂದುವಂಥದು.

20ನೆಯ ಶತಮಾನದಲ್ಲಿ ಈ ಬೋಧನೆಗೆ ಸಿದ್ಧಾಂತದ ರೂಪ ಕೊಟ್ಟವರಲ್ಲಿ ಬ್ರೆಜಿಲ್‌ನ ಪಾವ್ಲೊ ಫ್ರೇರೆ (1921–1997) ಪ್ರಮುಖರು. 1963ರಲ್ಲಿ ಈಶಾನ್ಯ ಬ್ರೆಜಿಲ್‌ನ ಆಂಜಿಕೋಸ್ ಎಂಬಲ್ಲಿ ಅವರ ತಂಡ ಸುಮಾರು 300 ಮಂದಿ ಶ್ರಮಿಕರಿಗೆ ಸುಮಾರು 40 ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಿತು. ಕಲಿಕೆ ಅಕ್ಷರಮಾಲೆಯಿಂದ ಶುರುವಾಗುತ್ತಿರಲಿಲ್ಲ. ಜನರ ದಿನಬಳಕೆಯ, ದುಡಿಮೆಯ ಪದಗಳಿಂದ ಶುರುವಾಗುತ್ತಿತ್ತು. ಆ ಪದ ಹೆಸರಿಸುವ ವಸ್ತುವನ್ನು ಮಾಡಿದವರು ಯಾರು, ಅದರ ಲಾಭ ಯಾರಿಗೆ ಎಂಬ ಚರ್ಚೆ ಮೊದಲು, ಅಕ್ಷರ ಆಮೇಲೆ. ಓದುಬರಹ ಬಾರದವರಿಗೆ ಬ್ರೆಜಿಲ್‌ನಲ್ಲಿ ಆಗ ಮತದಾನದ ಹಕ್ಕಿರಲಿಲ್ಲ. ಅದು ಸಿಕ್ಕಿದ್ದು 1985ರಲ್ಲಿ. ಹೀಗಾಗಿ ಅಕ್ಷರ ಕಲಿಸುವುದೇ ರಾಜಕೀಯ ಕಾರ್ಯವಾಗಿತ್ತು. 1964ರ ಸೇನಾ ದಂಗೆಯ ನಂತರ ಫ್ರೇರೆ ಜೈಲು ಸೇರಿ, ದೇಶಭ್ರಷ್ಟರಾದರು. 1968ರಲ್ಲಿ ಅವರು ಬರೆದು ಮುಗಿಸಿದ, ಶೋಷಿತರ ಶಿಕ್ಷಣವನ್ನು ಕುರಿತ ಗ್ರಂಥ ಅನೇಕ ಭಾಷೆಗಳಿಗೆ ಅನುವಾದವಾಯಿತು. ಶಿಕ್ಷಕರು ಮಾಹಿತಿಯನ್ನು ಠೇವಣಿಯಂತೆ ಇಡುವುದು, ವಿದ್ಯಾರ್ಥಿಗಳು ಅದನ್ನು ಕೇಳಿದಾಗ ಹಿಂದಿರುಗಿಸುವುದು ಎಂಬ ಪದ್ಧತಿಯನ್ನು ಅವರು ಟೀಕಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ 1989ರಿಂದ 1991ರವರೆಗೆ ಸಾವೊ ಪಾವ್ಲೊ ನಗರದ ಶಿಕ್ಷಣ ಇಲಾಖೆಯ ಹೊಣೆ ಹೊತ್ತರು.

ಅಂತಾರಾಷ್ಟ್ರೀಯ ಮಟ್ಟದಲ್ಲಿ ಯುನೆಸ್ಕೊ 1974ರಲ್ಲಿ ಶಾಂತಿ, ಮಾನವ ಹಕ್ಕು ಮತ್ತು ಅಂತಾರಾಷ್ಟ್ರೀಯ ತಿಳಿವಳಿಕೆಯ ಶಿಕ್ಷಣ ಕುರಿತು ಶಿಫಾರಸನ್ನು ಅಂಗೀಕರಿಸಿತು. 2023ರಲ್ಲಿ ಅದನ್ನು ಪರಿಷ್ಕರಿಸಿತು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 10ನೆಯದು ಅಸಮಾನತೆಯನ್ನು ತಗ್ಗಿಸುವುದು; ಶಿಕ್ಷಣಕ್ಕೆ ಸಂಬಂಧಿಸಿದ 4ನೆಯ ಗುರಿಯ 7ನೆಯ ಅಂಶವು ಮಾನವ ಹಕ್ಕು, ಲಿಂಗ ಸಮಾನತೆ, ವಿಶ್ವ ಪೌರತ್ವಗಳನ್ನು 2030ರೊಳಗೆ ಎಲ್ಲ ವಿದ್ಯಾರ್ಥಿಗಳಿಗೂ ಕಲಿಸಬೇಕೆನ್ನುತ್ತದೆ.

ಪಠ್ಯವಸ್ತು ಮತ್ತು ಅಳತೆಗಳು

ಅಸಮಾನತೆಯನ್ನು ಕಲಿಸಲು ಮೊದಲು ಅದನ್ನು ಅಳೆಯುವ ಬಗೆ ತಿಳಿಯಬೇಕು. ಅಮೆರಿಕದ ಮ್ಯಾಕ್ಸ್ ಲಾರೆಂಜ್ 1905ರಲ್ಲಿ ಸಂಪತ್ತಿನ ಹಂಚಿಕೆಯನ್ನು ಒಂದೇ ವಕ್ರರೇಖೆಯಲ್ಲಿ ತೋರಿಸುವ ವಿಧಾನವನ್ನು ಪ್ರಕಟಿಸಿದರು. ಇಟಲಿಯ ಕೊರಾಡೊ ಗಿನಿ 1912ರಲ್ಲಿ ಅದೇ ಹಂಚಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ದಾರಿ ಕಂಡುಕೊಂಡರು. ಎಲ್ಲರಿಗೂ ಸಮಪಾಲಾದರೆ ಗಿನಿ ಗುಣಾಂಕ 0, ಎಲ್ಲವೂ ಒಬ್ಬರದೇ ಆದರೆ 1. ದಕ್ಷಿಣ ಆಫ್ರಿಕದ ಗಿನಿ ಗುಣಾಂಕವನ್ನು ವಿಶ್ವ ಬ್ಯಾಂಕ್ 2014ರ ಅಂಕಿಅಂಶಗಳ ಆಧಾರದಲ್ಲಿ 0.63 ಎಂದು ಲೆಕ್ಕ ಹಾಕಿತು. ಇದು ಜಗತ್ತಿನ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು.

ಕಿರಿಯ ತರಗತಿಗಳಿಗೆ ವಕ್ರರೇಖೆಗಿಂತ ಕುರ್ಚಿಗಳ ಚಟುವಟಿಕೆ ಸುಲಭ. ಹತ್ತು ಮಕ್ಕಳು, ಹತ್ತು ಕುರ್ಚಿ. ಕುರ್ಚಿಗಳೆಂದರೆ ಜಗತ್ತಿನ ಒಟ್ಟು ಆಸ್ತಿ. 2022ರ ವಿಶ್ವ ಅಸಮಾನತಾ ವರದಿಯ ಪ್ರಕಾರ ಮೇಲಿನ ಶೇ. 10 ಜನರ ಬಳಿ ಶೇ. 76ರಷ್ಟು ಆಸ್ತಿಯಿದೆ, ಕೆಳಗಿನ ಶೇ. 50 ಜನರ ಬಳಿ ಇರುವುದು ಶೇ. 2 ಮಾತ್ರ. ಅಂದರೆ ಒಂದು ಮಗು ಏಳೂವರೆಗೂ ಹೆಚ್ಚು ಕುರ್ಚಿಗಳ ಮೇಲೆ ಕಾಲು ಚಾಚಿ ಮಲಗಬಹುದು. ನಾಲ್ವರು ಸುಮಾರು ಎರಡು ಕುರ್ಚಿಯಲ್ಲಿ ಒತ್ತಿ ಕೂರಬೇಕು. ಉಳಿದ ಐವರಿಗೆ ಒಂದು ಕುರ್ಚಿಯ ಐದನೆಯ ಒಂದು ಭಾಗ. ಆದಾಯದ ಹಂಚಿಕೆಯಲ್ಲಿ ಅಂತರ ಇಷ್ಟು ತೀವ್ರವಲ್ಲ: ಮೇಲಿನ ಶೇ. 10 ಜನರಿಗೆ ಶೇ. 52, ಕೆಳಗಿನ ಶೇ. 50 ಜನರಿಗೆ ಶೇ. 8.5. ಅದೇ ವರದಿ ಭಾರತಕ್ಕೆ ಕೊಡುವ ಅಂಕಿಗಳು ಕ್ರಮವಾಗಿ ಶೇ. 57 ಮತ್ತು ಶೇ. 13. ಆದಾಯ ವರ್ಷವರ್ಷ ಬರುವಂಥದು, ಆಸ್ತಿ ತಲೆಮಾರುಗಳಿಂದ ಕೂಡಿ ಬಂದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಉತ್ತರಾಧಿಕಾರದ ಪ್ರಶ್ನೆ ತಾನಾಗಿ ಏಳುತ್ತದೆ.

ಸರಾಸರಿಗಳು ಮುಚ್ಚಿಡುವುದೇನು ಎಂಬುದು ಪಠ್ಯದ ಎರಡನೆಯ ದೊಡ್ಡ ವಸ್ತು. ತಲಾ ಆದಾಯವೊಂದನ್ನೇ ನೆಚ್ಚಿಕೊಳ್ಳುವುದರ ದೋಷವನ್ನು ನೀಗಲು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ಮೊದಲಾದವರ ನೆರವಿನಿಂದ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ರೂಪಿಸಿದರು. ಅದರಲ್ಲೂ ಅಸಮಾನತೆ ಮರೆಯಾಗುತ್ತದೆಂಬ ಟೀಕೆ ಬಂದಾಗ, 2010ರಿಂದ ಅಸಮಾನತೆಗೆ ತಕ್ಕಂತೆ ತಗ್ಗಿಸಿದ ಮತ್ತೊಂದು ಸೂಚ್ಯಂಕ ಪ್ರಕಟವಾಗತೊಡಗಿತು. ಎನ್‌ಸಿಇಆರ್‌ಟಿಯ 10ನೆಯ ತರಗತಿಯ ಅರ್ಥಶಾಸ್ತ್ರ ಪುಸ್ತಕ ಹರಿಯಾಣ, ಕೇರಳ, ಬಿಹಾರಗಳನ್ನು ಹೋಲಿಸಿ ಇದನ್ನೇ ವಿವರಿಸುತ್ತದೆ. ತಲಾ ಆದಾಯದಲ್ಲಿ ಹರಿಯಾಣ ಮುಂದಿದ್ದರೂ, 2018ರಲ್ಲಿ ಅಲ್ಲಿ 1,000 ಶಿಶುಗಳಲ್ಲಿ 30 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು, ಕೇರಳದಲ್ಲಿ 7.

ಮೂರನೆಯದು ಭೂಪಟ. 1569ರ ಮರ್ಕೇಟರ್ ನಕಾಶೆ ನಾವಿಕರಿಗೆಂದು ರಚಿತವಾದದ್ದು. ಧ್ರುವಗಳತ್ತ ಸಾಗಿದಂತೆ ಭೂಭಾಗಗಳು ಅದರಲ್ಲಿ ಹಿಗ್ಗುವುದರಿಂದ ಯುರೋಪು ದೊಡ್ಡದಾಗಿಯೂ ಆಫ್ರಿಕ ಚಿಕ್ಕದಾಗಿಯೂ ಕಾಣುತ್ತವೆ. 1973ರಲ್ಲಿ ಜರ್ಮನಿಯ ಆರ್ನೊ ಪೀಟರ್ಸ್ ವಿಸ್ತೀರ್ಣಕ್ಕೆ ನಿಷ್ಠವಾದ ನಕಾಶೆಯನ್ನು ಪ್ರಚಾರಕ್ಕೆ ತಂದರು. ಬಡ ದಕ್ಷಿಣ, ಸಿರಿವಂತ ಉತ್ತರ ಎಂದು ಜಗತ್ತನ್ನು ಗೆರೆಯೆಳೆದು ತೋರಿಸಿದ 1980ರ ಬ್ರಾಂಟ್ ವರದಿಯ ಮುಖಪುಟದಲ್ಲಿ ಇದೇ ನಕಾಶೆಯಿತ್ತು. ಅಮೆರಿಕದ ಬಾಸ್ಟನ್ ನಗರದ ಸರ್ಕಾರಿ ಶಾಲೆಗಳು 2017ರಲ್ಲಿ ಇದನ್ನು ತರಗತಿಗಳಿಗೆ ತಂದವು. ಆದರೆ ಬ್ರಾಂಟ್ ಗೆರೆಯೂ ಈಗ ಹಳತಾಗಿದೆ. ಚೀನಾ, ಭಾರತಗಳ ಬೆಳವಣಿಗೆಯಿಂದ ದೇಶದೇಶಗಳ ನಡುವಿನ ಅಂತರ ಕುಗ್ಗಿದೆ. ಹಲವು ದೇಶಗಳ ಒಳಗಿನ ಅಂತರ ಹಿಗ್ಗಿದೆ. ಇಂದಿನ ಪಠ್ಯ ಇವೆರಡನ್ನೂ ಹೇಳಬೇಕಾಗಿದೆ.

ಬೋಧನಾ ವಿಧಾನಗಳು

ಅನುಕರಣ ಆಟಗಳು: ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಯೋವ ರಾಜ್ಯದ ರೈಸ್‌ವಿಲ್‌ನ ಶಿಕ್ಷಕಿ ಜೇನ್ ಎಲಿಯಟ್ ತಮ್ಮ 3ನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಆಧಾರದಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆಚ್ಚಿನ ಸವಲತ್ತು ಕೊಟ್ಟರು, ಆಮೇಲೆ ಸ್ಥಾನಗಳನ್ನು ಅದಲುಬದಲು ಮಾಡಿದರು. ಮೇಲಿನವರೆನಿಸಿಕೊಂಡ ಮಕ್ಕಳು ಬೇಗನೆ ದರ್ಪ ತೋರತೊಡಗಿದರು, ಕೆಳಗಿನವರೆನಿಸಿಕೊಂಡವರು ಕುಗ್ಗಿಹೋದರು. ಜಗತ್ಪ್ರಸಿದ್ಧವಾದ ಈ ಪ್ರಯೋಗ ಅಷ್ಟೇ ಟೀಕೆಗೂ ಗುರಿಯಾಯಿತು. ಎಳೆಯ ಮಕ್ಕಳಿಗೆ ನೋವುಂಟುಮಾಡಿ ಪಾಠ ಕಲಿಸುವುದು ಸರಿಯೇ ಎಂಬುದು ಮುಖ್ಯ ಆಕ್ಷೇಪ. 1969ರಲ್ಲಿ ಗ್ಯಾರಿ ಶರ್ಟ್ಸ್ ರೂಪಿಸಿದ ‘ಸ್ಟಾರ್‌ಪವರ್’ ಆಟದಲ್ಲಿ ಆಟಗಾರರು ಬಿಲ್ಲೆಗಳನ್ನು ವಿನಿಮಯ ಮಾಡಿಕೊಂಡು ಅಂಕ ಗಳಿಸುತ್ತಾರೆ. ಹೆಚ್ಚು ಅಂಕ ಗಳಿಸಿದ ಗುಂಪಿಗೆ ಮುಂದಿನ ಸುತ್ತಿನ ನಿಯಮ ಬರೆಯುವ ಅಧಿಕಾರ ಸಿಗುತ್ತದೆ. ಸಾಮಾನ್ಯವಾಗಿ ಆ ಗುಂಪು ತನ್ನ ಸ್ಥಾನ ಭದ್ರವಾಗುವಂತೆಯೇ ನಿಯಮ ಬರೆಯುತ್ತದೆ, ಉಳಿದವರು ಆಟವನ್ನೇ ಬಿಡುತ್ತಾರೆ ಇಲ್ಲವೇ ತಿರುಗಿಬೀಳುತ್ತಾರೆ. ಬ್ರಿಟನ್ನಿನ ಕ್ರಿಶ್ಚಿಯನ್ ಏಡ್ ಸಂಸ್ಥೆಯ ವ್ಯಾಪಾರದ ಆಟದಲ್ಲಿ ಗುಂಪುಗಳೇ ದೇಶಗಳು: ಕೆಲವರ ಕೈಯಲ್ಲಿ ಕತ್ತರಿ, ಅಳತೆಪಟ್ಟಿ, ಕೈವಾರ, ಇನ್ನು ಕೆಲವರ ಬಳಿ ಕಾಗದವೊಂದೇ. ಕಾಗದವೆಂದರೆ ಕಚ್ಚಾವಸ್ತು, ಕತ್ತರಿಯೆಂದರೆ ತಂತ್ರಜ್ಞಾನ ಎಂಬುದು ಆಟ ಮುಗಿಯುವ ಹೊತ್ತಿಗೆ ಯಾರೂ ಹೇಳದೆಯೇ ತಿಳಿದಿರುತ್ತದೆ.

ಚಿತ್ರ ಮತ್ತು ಅಂಕಿಅಂಶ: ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್, ಅವರ ಮಗ ಓಲಾ ಮತ್ತು ಸೊಸೆ ಆನಾ ಸೇರಿ 2005ರಲ್ಲಿ ಗ್ಯಾಪ್‌ಮೈಂಡರ್ ಪ್ರತಿಷ್ಠಾನ ಕಟ್ಟಿದರು. 2016ರಲ್ಲಿ ಅದು ಹೊರತಂದ ‘ಡಾಲರ್ ಸ್ಟ್ರೀಟ್’ ಜಾಲತಾಣದಲ್ಲಿ ಹಲವು ದೇಶಗಳ ಮನೆಗಳ ಒಲೆ, ಹಾಸಿಗೆ, ಶೌಚಾಲಯ, ಹಲ್ಲುಜ್ಜುವ ಸಾಧನಗಳ ಚಿತ್ರಗಳನ್ನು ಆದಾಯದ ಕ್ರಮದಲ್ಲಿ ಜೋಡಿಸಲಾಗಿದೆ. ಒಂದೇ ಆದಾಯದ ಮನೆಗಳ ಅಡುಗೆಮನೆ ದೇಶ ಯಾವುದಾದರೂ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಸಂಸ್ಕೃತಿಯ ವ್ಯತ್ಯಾಸವೆಂದು ಭಾವಿಸಿದ್ದರಲ್ಲಿ ಎಷ್ಟೋ ಪಾಲು ಹಣದ ವ್ಯತ್ಯಾಸ ಎಂದು ತಿಳಿಯುತ್ತದೆ. ಗಣಿತದಲ್ಲೂ ಇಂಥ ಪ್ರಯೋಗಗಳಾಗಿವೆ. ಷಿಕಾಗೊದ ಎರಿಕ್ ಗುಟ್‌ಸ್ಟೈನ್ ಅನುಪಾತ, ಸಂಭಾವ್ಯತೆಗಳನ್ನು ವಿದ್ಯಾರ್ಥಿಗಳ ಸುತ್ತಲಿನ ಅಸಮಾನತೆಯ ಲೆಕ್ಕಗಳ ಮೂಲಕವೇ ಕಲಿಸಿ, ಆ ಅನುಭವವನ್ನು 2006ರಲ್ಲಿ ಪುಸ್ತಕವಾಗಿ ತಂದರು. ಕಾಲೇಜು ಮಟ್ಟದಲ್ಲಿ ವೆಂಡಿ ಕಾರ್ಲಿನ್, ಸ್ಯಾಮ್ಯುಯೆಲ್ ಬೋಲ್ಸ್ ಮೊದಲಾದವರ ‘ಕೋರ್’ ಯೋಜನೆಯ ಉಚಿತ ಅರ್ಥಶಾಸ್ತ್ರ ಪಠ್ಯ, ಬೇಡಿಕೆ–ಪೂರೈಕೆಯ ರೇಖೆಗಳ ಬದಲು ಜಗತ್ತಿನ ಆದಾಯ ಹಂಚಿಕೆಯ ಇತಿಹಾಸದಿಂದ ಪಾಠ ಆರಂಭಿಸುತ್ತದೆ.

ಆತ್ಮಕಥನ ಮತ್ತು ಸಾಹಿತ್ಯ: ಅಂಕಿಗಳು ಅಂತರವನ್ನು ಹೇಳುತ್ತವೆ, ಅವಮಾನವನ್ನು ಹೇಳಲಾರವು. ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಆತ್ಮಕಥನದ ಬರಹದಲ್ಲಿ 1901ರ ಒಂದು ಪ್ರಯಾಣವನ್ನು ದಾಖಲಿಸಿದ್ದಾರೆ. ತಂದೆಯನ್ನು ಕಾಣಲು ಹೊರಟ ಮಕ್ಕಳು ಮಸೂರ ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ. ಒಳ್ಳೆಯ ಬಟ್ಟೆ ತೊಟ್ಟ ಅವರನ್ನು ಆದರದಿಂದ ಮಾತಾಡಿಸಿದ ಸ್ಟೇಷನ್ ಮಾಸ್ತರ ಜಾತಿ ತಿಳಿದೊಡನೆ ದೂರ ಸರಿಯುತ್ತಾನೆ. ದುಪ್ಪಟ್ಟು ಬಾಡಿಗೆ ಕೊಡುತ್ತೇವೆಂದರೂ ಗಾಡಿಯವರು ಒಲ್ಲೆನ್ನುತ್ತಾರೆ. ಕೈಯಲ್ಲಿ ಹಣವಿದ್ದೂ ಗಾಡಿಗಾಗಿ, ಮುಂದೆ ದಾರಿಯಲ್ಲಿ ನೀರಿಗಾಗಿ ಪರದಾಡಿದ ಈ ಪ್ರಸಂಗ, ಆರ್ಥಿಕ ಅಸಮಾನತೆಗೂ ಸಾಮಾಜಿಕ ಅಸಮಾನತೆಗೂ ಇರುವ ಭೇದವನ್ನು ಯಾವ ವ್ಯಾಖ್ಯೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಹಿಂದಿಯಲ್ಲಿ ಓಂಪ್ರಕಾಶ ವಾಲ್ಮೀಕಿಯವರ ‘ಜೂಠನ್’, ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಮತ್ತು ಸಿದ್ಧಲಿಂಗಯ್ಯನವರ ‘ಊರುಕೇರಿ’ ಇದೇ ಬಗೆಯ ಬೋಧನೆಗೆ ಒದಗುವ ಕೃತಿಗಳು.

ಕೆಲವು ದೇಶಗಳ ಅನುಭವ

ಬ್ರೆಜಿಲ್: 2003ರ ಕಾನೂನೊಂದು ಆಫ್ರಿಕ ಮೂಲದ ಬ್ರೆಜಿಲಿಯನ್ನರ ಇತಿಹಾಸ, ಸಂಸ್ಕೃತಿಗಳ ಪಾಠವನ್ನು ಎಲ್ಲ ಶಾಲೆಗಳಲ್ಲೂ ಕಡ್ಡಾಯಗೊಳಿಸಿತು, 2008ರಲ್ಲಿ ಮೂಲನಿವಾಸಿಗಳ ಇತಿಹಾಸವೂ ಸೇರಿತು. ಗುಲಾಮಗಿರಿಯನ್ನು ಕಳೆದುಹೋದ ಘಟನೆಯೆಂದು ಬಿಡದೆ, ಇಂದಿನ ವೇತನ ಮತ್ತು ವಸತಿಯ ಅಂತರಗಳೊಂದಿಗೆ ಜೋಡಿಸಿ ಕಲಿಸಲು ಇದು ದಾರಿಯಾಯಿತು.

ದಕ್ಷಿಣ ಆಫ್ರಿಕ: 1953ರ ಬಾಂಟು ಶಿಕ್ಷಣ ಕಾಯ್ದೆ ಕಪ್ಪು ಮಕ್ಕಳಿಗೆ ಕೀಳುಮಟ್ಟದ ಶಿಕ್ಷಣವನ್ನು ಉದ್ದೇಶಪೂರ್ವಕವಾಗಿ ವಿಧಿಸಿತ್ತು. ಆಫ್ರಿಕಾನ್ಸ್ ಭಾಷಾ ಮಾಧ್ಯಮದ ಹೇರಿಕೆಯ ವಿರುದ್ಧ 1976ರ ಜೂನ್ 16ರಂದು ಸೊವೆಟೊದ ವಿದ್ಯಾರ್ಥಿಗಳು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು. ಆ ದಿನ ಈಗ ಯುವ ದಿನವೆಂಬ ರಾಷ್ಟ್ರೀಯ ರಜೆ. 1994ರ ನಂತರ ವರ್ಣಭೇದದ ಇತಿಹಾಸ ಪಠ್ಯದ ಕೇಂದ್ರಕ್ಕೆ ಬಂತು. ಆದರೆ ಶುಲ್ಕ ಪಡೆಯುವ ಶಾಲೆ, ಶುಲ್ಕವಿಲ್ಲದ ಶಾಲೆ ಎಂಬ ವಿಭಜನೆ ಉಳಿದಿರುವುದರಿಂದ, ಒಂದೇ ಪಾಠವನ್ನು ತೀರ ಬೇರೆಬೇರೆ ಸೌಕರ್ಯದ ತರಗತಿಗಳು ಓದುತ್ತವೆ.

ಜರ್ಮನಿ: ರಾಜಕೀಯ ಶಿಕ್ಷಣದ ಬಗ್ಗೆ 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬಲ್ಲಿ ನಡೆದ ಚರ್ಚೆಯಿಂದ ಮೂರು ತತ್ತ್ವಗಳು ಮೂಡಿಬಂದವು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಗಳ ಮೇಲೆ ಹೇರಬಾರದು. ಸಮಾಜದಲ್ಲಿ ವಿವಾದವಿರುವ ವಿಷಯ ತರಗತಿಯಲ್ಲೂ ವಿವಾದವಾಗಿಯೇ ಬರಬೇಕು. ವಿದ್ಯಾರ್ಥಿಗಳು ತಮ್ಮ ಹಿತಾಸಕ್ತಿಯನ್ನು ತಾವೇ ಗುರುತಿಸಿಕೊಳ್ಳಲು ಸಮರ್ಥರಾಗಬೇಕು. ತೆರಿಗೆ, ವೇತನ, ಆಸ್ತಿಯಂಥ ವಿಷಯಗಳನ್ನು ಕಲಿಸುವವರಿಗೆ ಇವು ಇಂದಿಗೂ ಮಾರ್ಗಸೂಚಿ.

ಕೆನಡ: ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ವಸತಿ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ 94 ಕ್ರಮಗಳನ್ನು ಸೂಚಿಸಿತು. ಈ ಇತಿಹಾಸವನ್ನು ಶಾಲಾ ಪಠ್ಯದಲ್ಲಿ ಕಡ್ಡಾಯಗೊಳಿಸುವುದು ಅವುಗಳಲ್ಲೊಂದು.

ಭಾರತ ಮತ್ತು ಕರ್ನಾಟಕ

ಸ್ವಾತಂತ್ರ್ಯಾನಂತರ ದೀರ್ಘಕಾಲ ಭಾರತದ ಪೌರನೀತಿ ಪುಸ್ತಕಗಳು ಸರ್ಕಾರದ ಅಂಗಗಳನ್ನು ಪಟ್ಟಿಮಾಡುವುದರಲ್ಲೇ ನಿಂತಿದ್ದವು. ಮಧ್ಯಪ್ರದೇಶದಲ್ಲಿ 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಕೂಲಿ, ಸಾಲ, ಜಮೀನು, ಮಾರುಕಟ್ಟೆಗಳ ವಾಸ್ತವ ಚಿತ್ರಗಳಿಂದ ಹೊಸ ಬಗೆಯ ಸಮಾಜ ವಿಜ್ಞಾನ ಪಠ್ಯ ಬರೆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದ ಮೇಲೆ ಎನ್‌ಸಿಇಆರ್‌ಟಿಯ 6ರಿಂದ 8ನೆಯ ತರಗತಿಗಳಿಗೆ ಪೌರನೀತಿಯ ಜಾಗದಲ್ಲಿ ‘ಸಾಮಾಜಿಕ ಮತ್ತು ರಾಜಕೀಯ ಜೀವನ’ ಬಂತು. ಮನೆಗೆಲಸದ ಮಹಿಳೆ ಮತಗಟ್ಟೆಯ ಸಾಲಿನಲ್ಲಿ ತನ್ನ ಮಾಲೀಕರಿಗೆ ಸಮನಾಗಿ ನಿಂತು, ಆಸ್ಪತ್ರೆಯ ಸಾಲಿನಲ್ಲಿ ಆ ಸಮಾನತೆಯನ್ನು ಕಾಣದೆ ಹೋಗುವುದರಿಂದ 7ನೆಯ ತರಗತಿಯ ಪಾಠ ಶುರುವಾಗುತ್ತಿತ್ತು. ಅಂಬೇಡ್ಕರರ ಪ್ರಯಾಣ, ವಾಲ್ಮೀಕಿಯವರ ಶಾಲಾದಿನಗಳೂ ಈ ಪುಸ್ತಕಗಳಲ್ಲಿದ್ದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಪುಸ್ತಕಗಳು ಮತ್ತೆ ಬದಲಾಗುತ್ತಿವೆ. 2024ರಲ್ಲಿ 6ನೆಯ ತರಗತಿಗೆ ಇತಿಹಾಸ, ಭೂಗೋಳ, ಪೌರನೀತಿಗಳನ್ನು ಕೂಡಿಸಿದ ಒಂದೇ ಪುಸ್ತಕ ಬಂತು.

ಕರ್ನಾಟಕದ ರಾಜ್ಯ ಪಠ್ಯದಲ್ಲಿ 10ನೆಯ ತರಗತಿಯ ಸಮಾಜಶಾಸ್ತ್ರ ಭಾಗ ಸಾಮಾಜಿಕ ಸ್ತರವಿನ್ಯಾಸವನ್ನು ಪರಿಚಯಿಸುತ್ತದೆ. ಪಿಯುಸಿ ಸಮಾಜಶಾಸ್ತ್ರ ಅದನ್ನು ವಿಸ್ತರಿಸುತ್ತದೆ. ಈ ಪಾಠಕ್ಕೆ ಬೇಕಾದ ಸಾಮಗ್ರಿ ರಾಜ್ಯದ ಇತಿಹಾಸದಲ್ಲೇ ಹೇರಳವಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ನೇಮಕಗೊಂಡ ಮಿಲ್ಲರ್ ಸಮಿತಿ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ತಕ್ಕ ಪ್ರಾತಿನಿಧ್ಯ ದೊರಕಿಸುವ ಬಗೆಯನ್ನು ಪರಿಶೀಲಿಸಿತು. 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರ ಆಯೋಗ ಹಿಂದುಳಿದ ವರ್ಗಗಳ ಸ್ಥಿತಿಗತಿಯನ್ನು ಅಧ್ಯಯನ ಮಾಡಿ 1975ರಲ್ಲಿ ವರದಿ ಕೊಟ್ಟಿತು. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ತಮ್ಮ ತಾಲ್ಲೂಕು ಯಾವ ಗುಂಪಿನಲ್ಲಿದೆ, ಯಾವ ಸೂಚಕಗಳಿಂದ ಹಾಗಾಯಿತು ಎಂದು ಹುಡುಕುವುದು ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಒಳ್ಳೆಯ ಯೋಜನಾಕಾರ್ಯ. ಕಲಬುರಗಿ ಭಾಗದ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಹಿನ್ನೆಲೆಯೂ ಇದರಿಂದ ಸ್ಪಷ್ಟವಾಗುತ್ತದೆ.

ಪರಿಣಾಮ

ಅಂತರ ಎಷ್ಟಿದೆ ಎಂಬುದು ಜನರಿಗೆ ಸರಿಯಾಗಿ ತಿಳಿದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. 2011ರಲ್ಲಿ ಮೈಕಲ್ ನಾರ್ಟನ್ ಮತ್ತು ಡ್ಯಾನ್ ಏರಿಯಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮೇಲಿನ ಶೇ. 20 ಜನರ ಬಳಿ ಶೇ. 59ರಷ್ಟು ಆಸ್ತಿಯಿರಬಹುದೆಂದು ಅಮೆರಿಕನ್ನರು ಊಹಿಸಿದ್ದರು, ವಾಸ್ತವದಲ್ಲಿದ್ದದ್ದು ಶೇ. 84ರಷ್ಟು. ಹೀಗಾಗಿ ಮಾಹಿತಿ ಕೊಡುವ ಪಾಠಕ್ಕೆ ಖಂಡಿತ ಬೆಲೆಯಿದೆ.

ಬಡ ಮತ್ತು ಸಿರಿವಂತ ಮಕ್ಕಳು ಒಟ್ಟಿಗೆ ಓದುವುದರಿಂದ ಆಗುವ ಬದಲಾವಣೆಗೆ ದೆಹಲಿಯಲ್ಲಿ ಗಟ್ಟಿ ಸಾಕ್ಷ್ಯ ದೊರಕಿದೆ. 2007ರಿಂದ ಅಲ್ಲಿನ ಹಲವು ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಶೇ. 20 ಸೀಟು ಮೀಸಲಿಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಸಹಪಾಠಿಗಳೊಡನೆ ಓದಿದ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡ ಮಕ್ಕಳನ್ನು ಕಡೆಗಣಿಸುವುದು ಕಡಿಮೆಯಾಯಿತು. ಕಲಿಕೆಯ ಮಟ್ಟಕ್ಕೆ ಒಟ್ಟಾರೆ ಧಕ್ಕೆಯಾಗಲಿಲ್ಲ, ಇಂಗ್ಲಿಷ್ ಅಂಕ ಮಾತ್ರ ತುಸು ತಗ್ಗಿತು. ಕೆಲವು ಶಾಲೆಗಳು ಹೆಸರಿನ ಅಕಾರಾದಿಯಂತೆ ಓದಿನ ಗುಂಪು ಮಾಡುತ್ತಿದ್ದುದರಿಂದ ಯಾರ ಪಕ್ಕ ಯಾರು ಎಂಬುದು ಆಕಸ್ಮಿಕವಾಗಿತ್ತು. ಒಡನಾಟದ ಪರಿಣಾಮವನ್ನು ಬಿಡಿಸಿ ನೋಡಲು ಅದು ನೆರವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಆದರೆ ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದಲ್ಲಿ ಈ ಸೀಟು ಅನ್ವಯಿಸದಂತೆ ಕರ್ನಾಟಕ ನಂತರ ನಿಯಮ ಬದಲಿಸಿದ್ದರಿಂದ ರಾಜ್ಯದಲ್ಲಿ ಇದರ ವ್ಯಾಪ್ತಿ ಕುಗ್ಗಿತು.

ವಿವಾದಗಳು

ಅಸಮಾನತೆಯ ಕಾರಣ ಹೇಳಹೊರಟರೆ ಹೊಣೆ ಯಾರದೆಂಬ ಪ್ರಶ್ನೆ ಬರುವುದರಿಂದ ಪಠ್ಯ ಸುಲಭವಾಗಿ ರಾಜಕೀಯಕ್ಕೆ ಸಿಲುಕುತ್ತದೆ. ಅಮೆರಿಕದ ಅರಿಜೋನ ರಾಜ್ಯ 2010ರ ಕಾನೂನಿನ ಬಲದಿಂದ ಟೂಸಾನ್ ಶಾಲೆಗಳ ಮೆಕ್ಸಿಕನ್–ಅಮೆರಿಕನ್ ಅಧ್ಯಯನವನ್ನು ನಿಲ್ಲಿಸಿತು. 2017ರಲ್ಲಿ ಫೆಡರಲ್ ನ್ಯಾಯಾಲಯ ಆ ಕ್ರಮ ಸಂವಿಧಾನಬಾಹಿರವೆಂದಿತು. ಜನಾಂಗೀಯ ಅಸಮಾನತೆಯ ಬೋಧನೆಗೆ 2021ರಿಂದೀಚೆಗೆ ಹಲವು ರಾಜ್ಯಗಳು ಮತ್ತೆ ನಿರ್ಬಂಧ ಹೇರಿವೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆ 2020ರಲ್ಲಿ, ಬಂಡವಾಳಶಾಹಿಯನ್ನು ಕೊನೆಗಾಣಿಸಬೇಕೆನ್ನುವ ಸಂಘಟನೆಗಳ ಸಾಮಗ್ರಿ ಬಳಸಬಾರದೆಂದು ಶಾಲೆಗಳಿಗೆ ಸೂಚಿಸಿದ್ದು ಚರ್ಚೆಗೆ ಎಡೆಮಾಡಿತು. ಕರ್ನಾಟಕದಲ್ಲಿ 2022ರ ಪಠ್ಯ ಪರಿಷ್ಕರಣೆ ತೀವ್ರ ವಿರೋಧ ಎದುರಿಸಿತು. 2023ರಲ್ಲಿ ಬಂದ ಹೊಸ ಸರ್ಕಾರ ಸಾವಿತ್ರಿಬಾಯಿ ಫುಲೆ ಅವರ ಪಾಠವೂ ಸೇರಿದಂತೆ ಹಲವು ಬದಲಾವಣೆ ಮಾಡಿತು. ಸರ್ಕಾರದ ಜೊತೆ ಪಾಠವೂ ಬದಲಾಗುವುದು ರೂಢಿಯಾದರೆ ಶಿಕ್ಷಕರು ಇಂಥ ಅಧ್ಯಾಯಗಳನ್ನು ಬೇಗ ಮುಗಿಸಿ ಮುಂದೆ ಸಾಗುವುದೇ ಕ್ಷೇಮವೆಂದು ಭಾವಿಸುವ ಅಪಾಯವಿದೆ.

ಇನ್ನೊಂದು ಟೀಕೆ ಶಿಕ್ಷಣತಜ್ಞರ ಒಳಗಿನದು. ಬಡ ದೇಶಗಳ ಮಕ್ಕಳ ಚಿತ್ರ ತೋರಿಸಿ ದೇಣಿಗೆ ಎತ್ತುವ ಪಾಠ, ನೋಡುವವರಲ್ಲಿ ಅನುಕಂಪವನ್ನೂ ಹಿರಿಮೆಯನ್ನೂ ಒಟ್ಟಿಗೆ ಬೆಳೆಸುತ್ತದೆ ಎಂದು ಬ್ರೆಜಿಲ್ ಮೂಲದ ವನೆಸ್ಸಾ ಆಂಡ್ರಿಯೊಟ್ಟಿ 2006ರ ಲೇಖನದಲ್ಲಿ ವಾದಿಸಿದರು. ಫ್ರಾನ್ಸಿನ ಪಿಯರ್ ಬೋರ್ಡಿಯು ಮತ್ತು ಜಾನ್-ಕ್ಲೋಡ್ ಪಾಸೆರಾನ್ 1970ರಲ್ಲೇ ಇದಕ್ಕಿಂತ ಆಳವಾದ ಆಕ್ಷೇಪ ಎತ್ತಿದ್ದರು: ಮೇಲ್ವರ್ಗದ ಮನೆಯ ಮಾತು, ರುಚಿ, ನಡವಳಿಕೆಗಳನ್ನೇ ಪ್ರತಿಭೆಯೆಂದು ಎಣಿಸುವ ಶಾಲೆ ಅಸಮಾನತೆಯನ್ನು ಮರುಉತ್ಪಾದಿಸುತ್ತದೆ. ಬೋಧನಾ ಮಾಧ್ಯಮ, ಶುಲ್ಕ, ವಾಹನ, ಟ್ಯೂಷನ್‌ಗಳಿಂದ ಮಕ್ಕಳು ಮೊದಲೇ ವಿಂಗಡಣೆಯಾಗಿರುವ ಕಡೆ ಅಸಮಾನತೆಯ ಅಧ್ಯಾಯವನ್ನು ಒಂದೇ ಸ್ತರದ ಮಕ್ಕಳು ತಮ್ಮತಮ್ಮೊಳಗೇ ಓದಿಕೊಳ್ಳುತ್ತಾರೆ. ಆದ್ದರಿಂದ ಈ ಬೋಧನೆಯನ್ನು ಕುರಿತ ಚರ್ಚೆ ಪಠ್ಯಪುಸ್ತಕದಲ್ಲಿ ಯಾವ ಪಾಠವಿರಬೇಕು ಎಂಬಲ್ಲಿಗೆ ನಿಲ್ಲದೆ, ಒಂದು ತರಗತಿಯಲ್ಲಿ ಯಾರ್‍ಯಾರ ಮಕ್ಕಳು ಜೊತೆಗೆ ಕೂರುತ್ತಾರೆ ಎಂಬ ಶಾಲಾ ವ್ಯವಸ್ಥೆಯ ಪ್ರಶ್ನೆಯನ್ನೂ ಒಳಗೊಳ್ಳುತ್ತದೆ.